ಖಗ್ರಾಸ ಸೂರ್ಯಗ್ರಹಣ: ದರ್ಶನಕ್ಕೆ ಮುನ್ನಿನ ಸಿದ್ಧತೆ

1980ನೆಯ ಇಸವಿ ಫೆಬ್ರವರಿ 16, ಶನಿವಾರದ ಅಪರಾಹ್ನದಲ್ಲಿ ಸಂಭವಿಸಿದ ಖಗ್ರಾಸ ಸೂರ್ಯಗ್ರಹಣವು ಕನ್ನಡನಾಡಿನ ನಡುಭಾಗವನ್ನೇ ಹಾದುಹೋಯಿತು. ಚಂದ್ರನ ಕಡುನೆರಳು ಅಂಕೋಲೆಯ ಕಡಲತೀರವನ್ನೇರಿ, ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಸರಿದು, ಆಂಧ್ರವನ್ನು ದಾಟಿ ಒಡಿಶಾದ ತೀರವನ್ನು ಸೇರಿತು. 1898ರ ಜನವರಿ 22ರಂದೂ ಭಾರತದ ಮುಖ್ಯಭೂಮಿಗೆ ಇಂತಹ ಯೋಗ ಒದಗಿತ್ತು. ರಾಯಚೂರು ಜಿಲ್ಲೆಯ ಜವಳಗೇರಾದಂತಹ ಹಳ್ಳಿಯಲ್ಲಿ ಖಗೋಳವಿಜ್ಞಾನಿಗಳು ಬಿಡಾರ ಹೂಡಿ ಕಾದು ಕುಳಿತಿದ್ದರೆ, ಊರೂರುಗಳಲ್ಲಿ ಜನರು ಬಾಗಿಲು ಮುಚ್ಚಿಕೊಂಡು ಮನೆಯೊಳಗೆ ಉಳಿದರು. ಕಣ್ಣೆದುರಿನ ಅಪೂರ್ವ ದೃಶ್ಯವನ್ನು ಹೀಗೆ ಕಳೆದುಕೊಂಡವರ ಭಯ ನಿರಾಧಾರವೆಂದು ನಗುವುದು ಸುಲಭ. ಆದರೆ ಆ ಭಯದೊಳಗೆ ಸತ್ಯದ ಒಂದಂಶವಿದೆ. ಅದನ್ನು ಬೇರ್ಪಡಿಸಿ ತೋರಿಸುವುದೇ ಅಧ್ಯಾಪಕರ ಕೆಲಸ.

ಪಂಚಾಂಗಕರ್ತರು ಖಗ್ರಾಸಗ್ರಹಣಕ್ಕೆ ಐದು ಘಟ್ಟಗಳನ್ನು ಹೇಳುತ್ತಾರೆ: ಸ್ಪರ್ಶ, ನಿಮೀಲನ, ಮಧ್ಯ, ಉನ್ಮೀಲನ, ಮೋಕ್ಷ. ಚಂದ್ರಬಿಂಬವು ಸೂರ್ಯಬಿಂಬವನ್ನು ಮುಟ್ಟುವುದು ಸ್ಪರ್ಶ. ಸಂಪೂರ್ಣ ಮುಚ್ಚುವ ಕ್ಷಣ ನಿಮೀಲನ. ಮತ್ತೆ ಮೊದಲ ಕಿರಣ ಹೊಮ್ಮುವುದು ಉನ್ಮೀಲನ. ನಿಮೀಲನವೆಂದರೆ ಕಣ್ಣು ಮುಚ್ಚುವುದು, ಉನ್ಮೀಲನವೆಂದರೆ ಕಣ್ಣು ತೆರೆಯುವುದು. ಗ್ರಹಣವೀಕ್ಷಣೆಯ ನಿಯಮವೆಲ್ಲ ಈ ಎರಡು ಶಬ್ದಗಳಲ್ಲಿ ಅಡಗಿದೆ. ಸೂರ್ಯನು ಕಣ್ಣು ಮುಚ್ಚಿದ ಮೇಲೆಯೇ ಮನುಷ್ಯನು ಬರಿಗಣ್ಣು ತೆರೆಯಬಹುದು. ಸೂರ್ಯನು ಕಣ್ಣು ತೆರೆಯುವಷ್ಟರಲ್ಲಿ ಮನುಷ್ಯನು ತನ್ನ ದೃಷ್ಟಿಯನ್ನು ತಿರುಗಿಸಿರಬೇಕು. 1980ರಲ್ಲಿ ನೆರಳಿನ ಮಧ್ಯರೇಖೆಯ ಬಳಿ ಈ ಅವಕಾಶವಿದ್ದುದು ಎರಡೂವರೆ ನಿಮಿಷಕ್ಕಿಂತ ತುಸು ಹೆಚ್ಚು, ಅಷ್ಟೆ.

ಬೀದರಿನ ಪೂರ್ವಕ್ಕಿರುವ, ಬಹಮನಿ ಅರಸರ ಗುಮ್ಮಟಗಳಿಂದ ಪ್ರಸಿದ್ಧವಾದ ಅಷ್ಟೂರಿಗೆ ಅಂದು ಆ ಅವಕಾಶವೂ ಇರಲಿಲ್ಲ. ಕಡುನೆರಳಿನ ಪಥವು ದಕ್ಷಿಣದಲ್ಲಿಯೇ ಸಾಗಿದುದರಿಂದ ಇಲ್ಲಿ ಕಂಡದ್ದು ಖಂಡಗ್ರಾಸ. ಸ್ಪರ್ಶವಿತ್ತು, ಮೋಕ್ಷವಿತ್ತು, ನಿಮೀಲನವಿರಲಿಲ್ಲ. ಬಿಂಬದ ಬಹುಭಾಗ ಮರೆಯಾಗಿ ಬಿಸಿಲು ಮಂಕಾದರೂ, ಉಳಿದ ಎಳೆಯಷ್ಟು ಸೂರ್ಯನ ಮೇಲ್ಮೈ ಎಂದಿನಷ್ಟೇ ಪ್ರಖರವಾಗಿತ್ತು. ಗ್ರಹಣಕಾಲದಲ್ಲಿ ಸೂರ್ಯನಿಂದ ವಿಷಕಿರಣವೇನೂ ಹೊರಡುವುದಿಲ್ಲ. ಬೇರೆ ದಿನ ಯಾರೂ ಸೂರ್ಯನನ್ನು ದಿಟ್ಟಿಸಲಾರರು. ಅಂದು ಬೆಳಕು ಕುಗ್ಗಿದುದರಿಂದ ದಿಟ್ಟಿಸಬಲ್ಲರು. ಅಪಾಯವಿರುವುದು ಇಲ್ಲಿಯೇ. ಕಣ್ಣಿನೊಳಗಿನ ಅಕ್ಷಿಪಟಲಕ್ಕೆ ನೋವನ್ನು ತಿಳಿಸುವ ನರಗಳಿಲ್ಲ. ಅದು ಸುಡುತ್ತಿದ್ದರೂ ಬಾಲಕನಿಗೆ ಅರಿವಾಗದು. ಕೆಲವು ಗಂಟೆಗಳ ತರುವಾಯ ಪುಸ್ತಕ ತೆರೆದಾಗ ಓದಬೇಕಾದ ಅಕ್ಷರದ ಮೇಲೆಯೇ ಕಪ್ಪು ಚುಕ್ಕೆ ಕಾಣಿಸುತ್ತದೆ. ಈ ಹಾನಿಗೆ ಖಚಿತವಾದ ಚಿಕಿತ್ಸೆಯಿಲ್ಲ.

ಮನೆಮನೆಯಲ್ಲಿ ರೂಢಿಯಲ್ಲಿರುವ ಉಪಾಯಗಳನ್ನು ಇಲ್ಲಿ ಪರೀಕ್ಷಿಸಬೇಕು. ತಟ್ಟೆಯ ನೀರಿನಲ್ಲಿ ಒನಕೆ ನಿಲ್ಲಿಸುವುದರಿಂದ ಕೇಡಿಲ್ಲ. ತಳ ಸಮವಾದ ಒನಕೆ ಯಾವ ದಿನವಾದರೂ ನಿಲ್ಲುತ್ತದೆ. ಆದರೆ ಅರಿಸಿನದ ನೀರಿನಲ್ಲಿ ಸೂರ್ಯನ ಪ್ರತಿಬಿಂಬವನ್ನು ನೋಡುವುದು ಸುರಕ್ಷಿತವಲ್ಲ. ಸೂರ್ಯನು ನೆತ್ತಿಯ ಮೇಲಿರುವಾಗಲೂ ನೀರು ನೂರರಲ್ಲಿ ಎರಡು ಪಾಲು ಬೆಳಕನ್ನು ಹಿಂದಿರುಗಿಸುತ್ತದೆ, ಓರೆಯಾದಂತೆ ಇನ್ನೂ ಹೆಚ್ಚು; ಪ್ರಮಾಣಿತ ಗ್ರಹಣಕನ್ನಡಕವಾದರೋ ಲಕ್ಷದಲ್ಲಿ ಸುಮಾರು ಮೂರು ಪಾಲನ್ನು ಮೀರಿ ಬಿಡದು. ಮಸಿ ಹಿಡಿಸಿದ ಗಾಜು, ಎಕ್ಸ್‌ರೇ ಫಿಲ್ಮು, ತಂಪು ಕನ್ನಡಕ ಇವೆಲ್ಲವೂ ವರ್ಜ್ಯ. ಐಎಸ್‌ಒ 12312-2 ಎಂಬ ಪ್ರಮಾಣದ, ಗೀರಿಲ್ಲದ ಕನ್ನಡಕವಾಗಲಿ, 14ನೆಯ ಸಂಖ್ಯೆಯ ವೆಲ್ಡಿಂಗ್ ಗಾಜಾಗಲಿ ಗ್ರಾಹ್ಯ. ಅವನ್ನು ಧರಿಸಿಯೇ ತಲೆಯೆತ್ತಬೇಕು. ಧರಿಸಿಕೊಂಡು ದುರ್ಬೀನಿನಲ್ಲಿ ಇಣುಕಲಾಗದು, ಅದು ಗಾಜನ್ನೇ ಸುಟ್ಟೀತು. ಶಾಲೆಗೆ ಏನಾದರೂ ಕೊಡಬಯಸುವ ದಾನಿಗಳಿಗೆ ಇದಕ್ಕಿಂತ ಅಗ್ಗದ ದಾನ ದೊರೆಯದು.

ಕನ್ನಡಕ ಸಾಲದಿದ್ದರೆ ಸೂರ್ಯನಿಗೆ ಬೆನ್ನು ಮಾಡಿ ನಿಲ್ಲುವುದೇ ಉತ್ತಮೋತ್ತಮ ಮಾರ್ಗ. ರಟ್ಟಿನಲ್ಲಿ ಗುಂಡುಸೂಜಿಯಿಂದ ರಂಧ್ರ ಮಾಡಿ ಬಿಸಿಲನ್ನು ಬಿಳಿಯ ಹಾಳೆಯ ಮೇಲೆ ಬೀಳಿಸಿದರೆ ಅಲ್ಲಿ ಸೂರ್ಯನ ಬಿಂಬ ಮೂಡುತ್ತದೆ. ಎರಡು ಮೀಟರ್ ದೂರದಲ್ಲಿ ಅದರ ವ್ಯಾಸ ಸುಮಾರು 18 ಮಿಲಿಮೀಟರ್. ಬೂಂದಿ ಕರಿಯುವ ತೂತಿನ ಸೌಟನ್ನು ಹಿಡಿದರೆ ನೂರಾರು ಹೋಳು ಸೂರ್ಯರು ಒಮ್ಮೆಗೇ ಕಾಣುತ್ತಾರೆ. ಬೇವಿನ ಮರದಡಿಯ ನೆರಳಿನಲ್ಲಿಯೂ ಎಲೆಗಳ ಸಂದಿನಿಂದ ಇಳಿದ ಬೆಳಕು ಕುಡುಗೋಲಿನ ಆಕಾರವನ್ನು ತಾಳುತ್ತದೆ. ಚಿಕ್ಕ ಮಕ್ಕಳಿಗೆ ಇಷ್ಟೇ ಸಾಕು, ಇದೇ ಹೆಚ್ಚು.

ಸಿದ್ಧತೆ ಎಷ್ಟಿದ್ದರೂ ಮೋಡದ ಮಾತು ಬೇರೆ. 1868ರ ಆಗಸ್ಟ್ 18ರ ಗ್ರಹಣಕ್ಕೆ ಲಂಡನ್ನಿನ ರಾಯಲ್ ಸೊಸೈಟಿಯ ಪರವಾಗಿ ಜಮಖಂಡಿಯಲ್ಲಿ ಉಪಕರಣಗಳನ್ನು ನಿಲ್ಲಿಸಿದ್ದ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಮೋಡದ ಬಿರುಕಿನಲ್ಲಿ ದೊರೆತ ಅಲ್ಪಕಾಲದಲ್ಲಿಯೇ ಸೂರ್ಯನ ಜ್ವಾಲೆಗಳ ಉಜ್ವಲ ವರ್ಣರೇಖೆಗಳನ್ನು ಕಂಡನು. ಆ ಜ್ವಾಲೆಗಳು ಕಾದ ಅನಿಲವೆಂಬುದು ಅಂದಿನ ವೀಕ್ಷಣೆಗಳಿಂದ ನಿಶ್ಚಿತವಾಯಿತು.

2027ರ ಆಗಸ್ಟ್ 2ರ ಗ್ರಹಣವು ಈಜಿಪ್ಟಿನ ಲಕ್ಸರ್‌ನಲ್ಲಿ ಆರು ನಿಮಿಷ ಮೀರಿದ ಖಗ್ರಾಸ. ಕನ್ನಡನಾಡಿಗೆ ಅದು ಸಂಜೆಯ ಹೊತ್ತಿನ ಖಂಡಗ್ರಾಸ. ಅಷ್ಟೂರಿನಲ್ಲಿ ಅಂದೂ ನಿಮೀಲನವಿಲ್ಲ. ಸ್ಪರ್ಶದಿಂದ ಮೋಕ್ಷದವರೆಗೆ ಮಕ್ಕಳ ಕಣ್ಣಮೇಲಿನ ಕನ್ನಡಕ ಕೆಳಗಿಳಿಯಕೂಡದು. ಮಳೆಗಾಲದ ಮೋಡ ಸರಿದರೆ ಸೌಟು, ರಟ್ಟು, ಬಿಳಿಯ ಹಾಳೆಗಳು ಶಾಲೆಯ ಅಂಗಳದಲ್ಲಿ ಸಿದ್ಧವಾಗಿರಲಿ.