ಲೈಮ್ ಸೋಡಾ ಕುಡಿದವನಿಗೆ ಒಂದು ಕಾಗದ

ಪ್ರೀತಿಯ ಪುಟ್ಟೂ,

ಅಕ್ಕ ಫೋನಿನಲ್ಲಿ ಎಲ್ಲ ಹೇಳಿದಳು. ಕೆಲಸಕ್ಕೆ ಸೇರಿ ವರ್ಷ ತುಂಬಿಲ್ಲ, ಆಗಲೇ ಆಫೀಸಿನ ಪಾರ್ಟಿ ಅಂದರೆ ನಿನಗೆ ತಲೆನೋವು ಶುರುವಾಗುತ್ತದಂತೆ. ಎಂಟು ಗಂಟೆಗೆ 'ಅಮ್ಮನ ಮಗ' ಅಂತ ಗೇಲಿ ಮಾಡಿದವರೇ ಹನ್ನೊಂದೂವರೆಗೆ ನಿನ್ನ ಕಾರಿಗೆ ತುಂಬಿಕೊಳ್ಳುತ್ತಾರಂತೆ. ಇದರಲ್ಲಿ ಬುದ್ಧಿ ಹೇಳಲು ನನಗೇನು ಯೋಗ್ಯತೆ ಅಂತಲೂ ಅವಳೇ ಕೇಳಿ ನಕ್ಕಳು. ಆಗೊಮ್ಮೆ ಈಗೊಮ್ಮೆ ಎರಡು ಪೆಗ್ಗು ಹಾಕುವ ಮಾವ ನಾನು, ನಿಜ. ಆದರೆ ಅದೇ ನನ್ನ ಯೋಗ್ಯತೆ. ಕುಡಿಯುವವರ ಟೇಬಲ್ಲಿನ ಒಳಸುದ್ದಿ ಕುಡಿಯದವರಿಂದ ನಿನಗೆ ಸಿಗುವುದಿಲ್ಲ.

ಒಳಸುದ್ದಿ ಇಷ್ಟೇ. "ಬಿಯರ್ ತಾನೇ, ಒಂದೇ ಒಂದು ತಗೋ" ಅಂತ ಒತ್ತಾಯ ಮಾಡುವವನಿಗೆ ನಿನ್ನ ಸಂತೋಷದ ಚಿಂತೆ ಇಲ್ಲ. ಎಲ್ಲರ ನಡುವೆ ಒಬ್ಬ ನೆಟ್ಟಗೆ ಕೂತಿದ್ದರೆ, ನಾನು ಆಡಿದ್ದನ್ನೆಲ್ಲ ಇವನು ಬೆಳಿಗ್ಗೆ ನೆನಪಿಟ್ಟುಕೊಂಡಿರುತ್ತಾನಲ್ಲ ಅನ್ನುವ ಅಳುಕು ಅದು. ಎಣ್ಣೆಯನ್ನು ನಿಜವಾಗಿ ಸವಿಯುವವನು ಪಕ್ಕದವನ ಗ್ಲಾಸಿನಲ್ಲಿ ಏನಿದೆ ಅಂತ ನೋಡುವುದೇ ಇಲ್ಲ.

ಹಾಗಾಗಿ ಕಾರಣ ಕೊಡಬೇಡ. "ಇವತ್ತು ಶನಿವಾರ" ಅಂದರೆ ಮುಂದಿನ ಪಾರ್ಟಿ ಶುಕ್ರವಾರ ಇಡುತ್ತಾರೆ. "ಮಾತ್ರೆ ತಗೋತಿದ್ದೀನಿ" ಅಂದರೆ ಕೋರ್ಸು ಎಷ್ಟು ದಿನ ಅಂತ ಕೇಳುತ್ತಾರೆ. ಅಯ್ಯಪ್ಪನ ಮಾಲೆ ಹಾಕಿದ್ದರಂತೂ ತೆಗೆಯುವ ತಾರೀಖು ನಿನಗಿಂತ ಅವರಿಗೇ ಚೆನ್ನಾಗಿ ನೆನಪಿರುತ್ತದೆ. "ಬೇಡ, ನನಗೊಂದು ಲೈಮ್ ಸೋಡಾ" ಅನ್ನು, ತಟ್ಟೆಯಲ್ಲಿರುವ ಚಿಲ್ಲಿ ಚಿಕನ್ ಕಡೆ ಮಾತು ತಿರುಗಿಸು. ನೀನೇನೂ ವಿಚಿತ್ರ ಪ್ರಾಣಿಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಹದಿನೈದು ದಾಟಿದ ಗಂಡಸರಲ್ಲಿ ಕುಡಿಯುವವರು ನೂರಕ್ಕೆ ಸುಮಾರು 19 ಮಂದಿ, ಹೆಂಗಸರಲ್ಲಿ ಒಬ್ಬರು. ಕೋರಮಂಗಲದ ಪಬ್ಬಿನಲ್ಲಿ ಕೂತವನಿಗೆ ಇದು ಸುಳ್ಳಿನ ಹಾಗೆ ಕಾಣುತ್ತದೆ, ಅಷ್ಟೇ.

ಕುಡಿಯದವರು ಕಣ್ಣಿಗೆ ಕಾಣದಿರುವುದಕ್ಕೆ ನಮ್ಮ ಸಿನಿಮಾವೂ ಒಂದಿಷ್ಟು ಕಾರಣ ಅಂತ ನನ್ನ ಅನುಮಾನ. ಅಲ್ಲಿ ಕುಡಿಯದವನು 'ಜೀವನ ಚೈತ್ರ'ದ ರಾಜ್‌ಕುಮಾರ್ ಥರ ಸಾರಾಯಿ ವಿರುದ್ಧ ಎದ್ದು ನಿಲ್ಲುವ ಮಹಾನುಭಾವ ಆಗಿರಬೇಕು, ಇಲ್ಲವೇ ಗೇಲಿಗೆ ಸಿಕ್ಕುವ ಪೆದ್ದ ಆಗಿರಬೇಕು. ಸುಮ್ಮನೆ ಸೋಡಾ ಕುಡಿದು, ನಾಲ್ಕು ಜನರನ್ನು ಮನೆಗೆ ಬಿಟ್ಟು ಹೋಗುವ ಸಾಧಾರಣ ಮನುಷ್ಯನಿಗೆ ಪಾತ್ರವೇ ಇಲ್ಲ. ಅಮೆರಿಕದಲ್ಲಿ ಹಾರ್ವರ್ಡಿನ ಸಾರ್ವಜನಿಕ ಆರೋಗ್ಯ ಶಾಲೆಯ ಜೇ ವಿನ್‌ಸ್ಟನ್ ಎಂಬಾತ 1988ರಲ್ಲಿ ಹಿಡಿದದ್ದು ಇದೇ ಎಳೆಯನ್ನು. ಹಾಲಿವುಡ್ಡಿನ ಟಿವಿ ಬರಹಗಾರರ ಬಳಿಗೆ ಹೋಗಿ, ನೀತಿಪಾಠ ಬೇಡ, ಸಂಭಾಷಣೆಯ ನಡುವೆ ಒಂದು ಸಾಲು ಸಾಕು, ಇವತ್ತು ಗಾಡಿ ಓಡಿಸುವವನು ಯಾರು ಅಂತ ಪಾತ್ರಗಳು ಮಾತಾಡಿಕೊಂಡರೆ ಸಾಕು ಅಂದ. 'ಚಿಯರ್ಸ್' ಅನ್ನುವ, ಬಾರಿನಲ್ಲೇ ನಡೆಯುವ ಧಾರಾವಾಹಿಯಲ್ಲೂ ಅದು ಬಂತು. ಕೆಲವೇ ವರ್ಷಗಳಲ್ಲಿ, ಕುಡಿಯದೆ ಗಾಡಿ ಓಡಿಸುವ 'ಡೆಸಿಗ್ನೇಟೆಡ್ ಡ್ರೈವರ್' ಅಲ್ಲಿ ಮನೆಮಾತಾಯಿತು. ನಮ್ಮಲ್ಲಿ ಪರದೆಯ ತಳದಲ್ಲಿ ಸಣ್ಣ ಅಕ್ಷರದ ಎಚ್ಚರಿಕೆ ಓಡುತ್ತದೆ, ಅದರ ಮೇಲೆ ಎಣ್ಣೆ ಹಾಡು ಕುಣಿಯುತ್ತದೆ.

ನಮ್ಮವರು ಡ್ರೈವರನ್ನು ಆರಿಸುವ ಕ್ರಮವೇ ಬೇರೆ. ಎಲ್ಲ ಮುಗಿದ ಮೇಲೆ, ಇದ್ದವರಲ್ಲಿ ಯಾರು ಕಡಿಮೆ ಟೈಟ್ ಅಂತ ಹುಡುಕುತ್ತಾರೆ. ಮೋಟಾರು ವಾಹನ ಕಾಯ್ದೆಗೆ ಆ ಲೆಕ್ಕ ಹಿಡಿಸುವುದಿಲ್ಲ. 185ನೇ ಕಲಮಿನ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. 2019ರ ತಿದ್ದುಪಡಿಯ ಮೇಲೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಅದರ ಪಕ್ಕದಲ್ಲೇ ಯಾರೂ ಓದದ 188ನೇ ಕಲಮು ಇದೆ: ಕುಡಿದು ಓಡಿಸಲು ಕುಮ್ಮಕ್ಕು ಕೊಟ್ಟವನಿಗೂ ಅದೇ ಶಿಕ್ಷೆ. "ಏನಾಗಲ್ಲ, ನಡಿ ಮಗಾ" ಅನ್ನುವ ಸ್ನೇಹಿತನಿಗೆ ಮುಂದಿನ ಸಲ ಇದನ್ನು ಹೇಳಿ ನೋಡು. ಇನ್ನು ನಶೆ ಇಳಿಸಲು ಮಜ್ಜಿಗೆ, ನಿಂಬೆಹಣ್ಣು, ಕಾಫಿ, ತಣ್ಣೀರು ಯಾವುದೂ ಕೆಲಸ ಮಾಡುವುದಿಲ್ಲ. ರಕ್ತದಿಂದ ಗಂಟೆಗೆ ಇಳಿಯುವುದು ಹೆಚ್ಚುಕಮ್ಮಿ 15 ಮಿಲಿಗ್ರಾಂ. ಮಧ್ಯರಾತ್ರಿ 120 ಇದ್ದವನು ಬೆಳಿಗ್ಗೆ ಆರಕ್ಕೆ ಊದಿದರೂ ಗೆರೆಯ ಮೇಲೇ ಇರುತ್ತಾನೆ.

ಇನ್ನು ನಿನ್ನ ಕಾರಿನ ವಿಷಯ. ನೀನು ಕುಡಿಯದಿರುವುದು ನಿನ್ನ ಇಷ್ಟ. ಊರಿಗೆಲ್ಲ ಸಾರಥಿಯಾಗುವುದು ಬೇರೆ ಮಾತು. ಒಂದರಿಂದ ಇನ್ನೊಂದು ತಾನಾಗಿ ಬರುವುದಿಲ್ಲ. ಬಿಟ್ಟುಬರುವೆ ಅಂದರೆ ಮೊದಲ ಬಾಟಲಿ ತೆರೆಯುವ ಮುಂಚೆಯೇ ಹೇಳು: ಇಂತಿಷ್ಟು ಹೊತ್ತಿಗೆ ಹೊರಡುತ್ತೇನೆ, ಈ ದಾರಿಯಲ್ಲಿ ಹೋಗುತ್ತೇನೆ. "ಲಾಸ್ಟ್ ರೌಂಡ್" ಮೂರು ಸಲ ಬಂದರೂ ಕಾಯಬೇಕಾಗಿಲ್ಲ. ಬಿಲ್ಲನ್ನು ಸಮಪಾಲು ಮಾಡಿ, ಸೋಡಾ ಕುಡಿದವನ ತಲೆಗೂ ವಿಸ್ಕಿಯ ಲೆಕ್ಕ ಕಟ್ಟಿದರೆ ಬಾಯಿಬಿಟ್ಟು ಕೇಳು. ಅದು ಜುಗ್ಗತನವಲ್ಲ.

ಬೈಕಿನವರ ಸಂಕಟ ಬೇರೆ. ಆರು ಜನ ಆರು ಬೈಕಿನಲ್ಲಿ ಬಂದರೆ ಒಬ್ಬ ನೆಟ್ಟಗಿದ್ದು ಏನು ಪ್ರಯೋಜನ? ಗಾಡಿ ಅಲ್ಲೇ ಬಿಟ್ಟರೆ ಟೋಯಿಂಗ್ ಭಯ, ಪೆಟ್ರೋಲ್ ಕದಿಯುವವರ ಭಯ. ಆ ಭಯಕ್ಕೇ "ಇಲ್ಲೇ ತಾನೇ, ಗಲ್ಲಿ ಗಲ್ಲಿಯಲ್ಲಿ ಹೋಗ್ತೀನಿ" ಅಂತ ಕಿಕ್ ಹೊಡೆಯುತ್ತಾರೆ. ಬೈಕು ಮನೆಯಲ್ಲೇ ಬಿಟ್ಟು ಬರುವುದೊಂದೇ ಅದಕ್ಕೆ ಮದ್ದು. ಬೆಂಗಳೂರಿನಲ್ಲಾದರೆ ಆಟೊ ಇದೆ, ಗಂಟೆ ಲೆಕ್ಕದ ಡ್ರೈವರುಗಳಿದ್ದಾರೆ, ಹೊಸ ವರ್ಷದ ರಾತ್ರಿ ಮೆಟ್ರೊ ಕೂಡ ತಡವಾಗಿ ಓಡುತ್ತದೆ.

ನಮ್ಮ ಮಂಡ್ಯದ ಕಡೆ ಏನಿದೆ? ಬೀಗರೂಟ ನೀನೂ ನೋಡಿದ್ದೀಯ. ಮುಂದೆ ಶಾಮಿಯಾನದಲ್ಲಿ ಮುದ್ದೆ, ಬೋಟಿ ಗೊಜ್ಜು. ಹಿಂದೆ ತೆಂಗಿನ ತೋಟದಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಬಾಟಲಿ, ಪ್ಲಾಸ್ಟಿಕ್ ಲೋಟ, ಖಾರಾ ಬೂಂದಿ. ಉಂಡವರು ಮಧ್ಯಾಹ್ನ ಮೂರಕ್ಕೋ ರಾತ್ರಿ ಒಂಬತ್ತಕ್ಕೋ ಹೊರಡುತ್ತಾರೆ, ಊದಿಸುವ ಪೊಲೀಸರಿಲ್ಲ, ನಾಲೆ ಏರಿಗೆ ತಡೆಗೋಡೆಯಿಲ್ಲ, ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಲೈಟಿಲ್ಲ. ಪಬ್ಬಿಗಿಂತ ನನಗೆ ಹೆದರಿಕೆ ಇಲ್ಲಿಯದು. ಹಿಂದೆ ಕೂತ ಹೆಂಗಸರು, ಮಕ್ಕಳು ಏನೂ ಹೇಳುವ ಹಾಗಿಲ್ಲ. ಹೇಳಿದರೆ ಬೀಗರ ಮುಂದೆ ಮರ್ಯಾದೆ ಹೋಯಿತು ಅಂತ ಗಂಡಸರಿಗೆ ರೇಗುತ್ತದೆ.

ಮುಂದಿನ ತಿಂಗಳು ನಮ್ಮ ಮನೆಯದೇ ಬೀಗರೂಟ. ಪಕ್ಕದೂರಿನ ಟೆಂಪೊದವನಿಗೆ ಅಡ್ವಾನ್ಸ್ ಕೊಟ್ಟಿದ್ದೇನೆ, ನೆಂಟರನ್ನು ಅವನು ಊರಿಗೆ ಮುಟ್ಟಿಸುತ್ತಾನೆ. ಡಿಕ್ಕಿಯ ಹತ್ತಿರ ಬರುವವರು ಮೊದಲು ಗಾಡಿ ಕೀ ತಂದು ನಿನ್ನ ಅತ್ತೆಯ ಕೈಗೆ ಕೊಡಬೇಕು ಅಂತಲೂ ಹೇಳಿಟ್ಟಿದ್ದೇನೆ. ಈಗಲೇ ಇಬ್ಬರು ಮುನಿಸಿಕೊಂಡಿದ್ದಾರೆ, ಇರಲಿ. ನಮ್ಮ ಕಾರು ನಿನಗೆ. ನಾಲ್ಕು ಗಂಟೆಗೆ ಹೊರಡು, ಅಜ್ಜಿಯನ್ನು ಮುಂದಿನ ಸೀಟಿನಲ್ಲಿ ಕೂರಿಸು. ಆಮೇಲೆ ನಾನೇ ಬಂದು "ಎರಡೇ ಹಾಕಿರೋದು, ಕೀ ಕೊಡು" ಅಂತ ಗದರಿದರೂ ಕೊಡಬೇಡ.

ಇತಿ ನಿನ್ನ
ಮಾವ