ಸ್ಕೋಪ್ ಕೊಳ್ಳುವ ಮುಂಚೆ ಒಂದು ಮಾತು

"ಏರ್‌ಗನ್ ಬಂತು, ಇನ್ನು ಮೇಲೊಂದು ಸ್ಕೋಪ್ ಕೂರಿಸ್ಬೇಕು. ಎರಡು ಸಾವಿರದೊಳಗೆ ಬರೋದು ತಗೊಂಡ್ರೆ ದುಡ್ಡಿಗೆ ಮೋಸ ಇಲ್ಲ ತಾನೆ ಮಾವ?" ಎಂದು ಕೇಳಿದ್ದೀಯ. ಫೋನಿನಲ್ಲಿ ಹೇಳಿ ಮುಗಿಸುವಷ್ಟು ಸಣ್ಣ ವಿಷಯವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅರೇಹಳ್ಳಿ, ಬಿಕ್ಕೋಡು ಕಡೆಯ ನಿನ್ನ ಸ್ನೇಹಿತರೂ ಇದನ್ನೇ ಕೇಳುತ್ತಿರುತ್ತಾರೆ. ಅವರಿಗೂ ಓದಿ ಹೇಳು.

ನೋಡು ಅಳಿಯ, ಅಗ್ಗದ ಸ್ಕೋಪ್ ಎಲ್ಲವೂ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಒಂದೇ ಸ್ಕೋಪ್ ಒಬ್ಬನ ಬಂದೂಕಿನ ಮೇಲೆ ಐದಾರು ವರ್ಷ ಬಾಳುತ್ತದೆ, ಇನ್ನೊಬ್ಬನದರ ಮೇಲೆ ಒಂದು ಡಬ್ಬಿ ಪೆಲೆಟ್ ಮುಗಿಯುವಷ್ಟರಲ್ಲಿ ಸಾಯುತ್ತದೆ. ಆದ್ದರಿಂದ ಅಂಗಡಿಯವನ ಮಾತು ಕೇಳುವ ಮುಂಚೆ ನಿನ್ನ ಬಂದೂಕು ಎಂಥದ್ದು ಎಂದು ನೀನು ತಿಳಿದಿರಬೇಕು.

ನಿನ್ನದು ನಳಿಗೆ ಬಗ್ಗಿಸಿ ಸ್ಪ್ರಿಂಗ್ ಏರಿಸುವ ಜಾತಿ. ಟ್ರಿಗರ್ ಎಳೆದ ಕೂಡಲೇ ಒಳಗಿನ ಪಿಸ್ಟನ್ ಮುಂದಕ್ಕೆ ನುಗ್ಗುತ್ತದೆ, ಬಂದೂಕು ಹಿಂದಕ್ಕೆ ಒದೆಯುತ್ತದೆ. ಮರುಕ್ಷಣ ಪಿಸ್ಟನ್ ಕೊನೆ ಮುಟ್ಟಿ ಧಡಕ್ಕನೆ ನಿಲ್ಲುತ್ತದೆ, ಬಂದೂಕು ಮುಂದಕ್ಕೆ ಜಗ್ಗುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಎರಡು ದಿಕ್ಕಿಗೂ ಏಟು. ಮದ್ದಿನ ಬಂದೂಕು ಒದೆಯುವುದು ಹಿಂದಕ್ಕೆ ಮಾತ್ರ, ಎಷ್ಟೋ ಸ್ಕೋಪ್‌ಗಳ ಲೆನ್ಸನ್ನೂ ಗುರಿಯಿಡುವ ಅಡ್ಡ-ಉದ್ದ ಗೆರೆಗಳ ಕ್ರಾಸನ್ನೂ ಆ ಒಂದು ಏಟು ತಾಳುವ ಹಾಗೆ ಮಾತ್ರ ಕೂರಿಸಿರುತ್ತಾರೆ. ದೊಡ್ಡ ರೈಫಲ್ ಮೇಲೆ ಗಟ್ಟಿಯಾಗಿ ನಿಂತ ಸ್ಕೋಪ್ ನಮ್ಮ ಸ್ಪ್ರಿಂಗ್ ಏರ್‌ಗನ್ ಮೇಲೆ ಹಾಳಾಗುವುದು ಇದೇ ಕಾರಣಕ್ಕೆ. ಹಾಳಾದದ್ದು ಒಮ್ಮೆಲೇ ಗೊತ್ತಾಗುವುದೂ ಇಲ್ಲ. ಕ್ರಾಸ್ ಒಂದಿಷ್ಟು ವಾಲುತ್ತದೆ, ನಿನ್ನೆ ಮಧ್ಯಕ್ಕೆ ಬೀಳುತ್ತಿದ್ದ ಪೆಲೆಟ್ ಇವತ್ತು ಎಡಕ್ಕೆ, ನಾಳೆ ಮೇಲಕ್ಕೆ. ಹುಡುಗರು ತಮ್ಮ ಕೈಯನ್ನೇ ಅನುಮಾನಿಸಿ ಬೇಜಾರು ಮಾಡಿಕೊಂಡು ಬಂದೂಕನ್ನು ಅಟ್ಟಕ್ಕೆ ಹಾಕುತ್ತಾರೆ. ಅದನ್ನು ನೋಡಿದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಸಿಲಿಂಡರಿನಲ್ಲಿ ಮೊದಲೇ ಗಾಳಿ ತುಂಬಿಟ್ಟುಕೊಳ್ಳುವ ಪಿಸಿಪಿ ಬಂದೂಕಿನಲ್ಲಿ ಈ ತೊಂದರೆ ಇಲ್ಲ. ಅದು ಅಲುಗುವುದೇ ಕಡಿಮೆ. ಅದರ ಮೇಲಾದರೆ ಎರಡು ಸಾವಿರದ ಸ್ಕೋಪ್ ಹಾಕಿಕೋ ಎಂದು ಧೈರ್ಯವಾಗಿ ಹೇಳುತ್ತಿದ್ದೆ. ಸ್ಪ್ರಿಂಗ್ ಬಂದೂಕಿಗೆ, ಸ್ಪ್ರಿಂಗ್ ಏರ್‌ಗನ್‌ಗೆ ತಡೆಯುತ್ತದೆ ಎಂದು ಕಂಪನಿಯೇ ಬರೆದು ವಾರಂಟಿ ಕೊಟ್ಟಿರುವುದನ್ನೇ ತೆಗೆದುಕೋ. "ಎಲ್ಲದಕ್ಕೂ ಆಗುತ್ತೆ ಸಾರ್" ಎಂದು ಬಾಯಿಮಾತಿನಲ್ಲಿ ಹೇಳಿದರೆ ಕೆಳಗಿಟ್ಟು ಬಾ.

ಇನ್ನು ಎಷ್ಟು ಹತ್ತಿರ ಕಾಣುತ್ತದೆ ಎನ್ನುವ ಆಸೆ. ಡಬ್ಬಿಯ ಮೇಲೆ 3-9x40 ಎಂದಿದ್ದರೆ ಮೂರರಿಂದ ಒಂಬತ್ತು ಪಟ್ಟು ದೊಡ್ಡದಾಗಿ ಕಾಣುತ್ತದೆ, ಮುಂದಿನ ಲೆನ್ಸ್ 40 ಮಿ.ಮೀ. ಅಗಲ ಎಂದರ್ಥ. ನೀನು ಹೊಡೆಯುವುದು ಕಾಫಿ ಒಣಗಿಸುವ ಕಣದ ಈ ತುದಿಯಿಂದ ಆ ತುದಿಗೆ, ಹೆಚ್ಚೆಂದರೆ 25 ಮೀಟರ್. ಅಷ್ಟಕ್ಕೆ ನಾಲ್ಕು ಪಟ್ಟು ಧಾರಾಳ ಸಾಕು. ಪಟ್ಟು ಏರಿದಂತೆ ನಿನ್ನ ಕೈಯ ನಡುಕವೂ ಅಷ್ಟೇ ಏರಿ ಕಾಣುತ್ತದೆ, ಬೆಳಕೂ ಕುಗ್ಗುತ್ತದೆ. ಕೆಂಪು ಹಸಿರು ದೀಪ ಉರಿಯುವ ಕ್ರಾಸ್‌ಗೆ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡಬೇಡ.

ಪಟ್ಟಿಗಿಂತ ಮುಖ್ಯವಾದದ್ದು ಪ್ಯಾರಲಾಕ್ಸ್. ರೈಫಲ್‌ಗೆಂದು ಮಾಡಿದ ಸ್ಕೋಪನ್ನು ಸಾಮಾನ್ಯವಾಗಿ 100 ಗಜಕ್ಕೆ ಹೊಂದಿಸಿರುತ್ತಾರೆ. ಅದರಲ್ಲಿ 10 ಮೀಟರ್ ದೂರದ ಹಾಳೆ ಮಂಜು ಮಂಜಾಗಿ ಕಾಣುತ್ತದೆ. ಮಂಜಾಗಿ ಕಂಡರೆ ಹೇಗೋ ಸುಧಾರಿಸಬಹುದು, ಆದರೆ ಕಣ್ಣು ಸರಿದರೆ ಗುರಿಯೂ ಸರಿಯುತ್ತದೆ. 40 ಮಿ.ಮೀ. ಲೆನ್ಸಿನ ಅಂಥ ಸ್ಕೋಪಿನಲ್ಲಿ 20 ಮೀಟರಿಗೆ ಗುರಿಯಿಡುವಾಗ ಕಣ್ಣು ಪೂರಾ ಅಂಚಿಗೆ ಹೋದರೆ ತಪ್ಪು ಒಂದೂವರೆ ಸೆಂ.ಮೀ. ತನಕ ಬೆಳೆಯಬಲ್ಲದು. ಪೆಲೆಟ್ಟಿನ ಅಗಲವೇ 4.5 ಮಿ.ಮೀ. ಎಂದರೆ ಇದು ಎಷ್ಟು ದೊಡ್ಡದು ಯೋಚಿಸು. ಇದನ್ನು ಅಂಗಡಿಯಲ್ಲೇ ಪರೀಕ್ಷಿಸಬಹುದು. ಸ್ಕೋಪನ್ನು ಮೇಜಿನ ಮೇಲೆ ಅಲುಗದಂತೆ ಇಟ್ಟು, ಹತ್ತು ಹದಿನೈದು ಹೆಜ್ಜೆ ದೂರದ ಗೋಡೆಯ ಒಂದು ಚುಕ್ಕೆಗೆ ಕ್ರಾಸ್ ಹೊಂದಿಸು. ಸ್ಕೋಪ್ ಮುಟ್ಟದೆ ತಲೆಯನ್ನು ಮಾತ್ರ ಎಡಕ್ಕೂ ಬಲಕ್ಕೂ ಸರಿಸು. ಕ್ರಾಸ್ ಚುಕ್ಕೆ ಬಿಟ್ಟು ಓಡಾಡಿದರೆ ಅದು ನಿನಗಲ್ಲ. ಮುಂದಿನ ಲೆನ್ಸಿನ ಬಳಿ ಒಂದು ಬಳೆ ಇದ್ದು, ಅದನ್ನು ತಿರುಗಿಸಿ 10 ಮೀಟರಿಗೂ ಹೊಂದಿಸಿಕೊಳ್ಳಬಹುದಾದ ಸ್ಕೋಪ್ ಇದೆ, ಡಬ್ಬಿಯ ಮೇಲೆ 'ಎಒ' ಎಂದು ಬರೆದಿರುತ್ತಾರೆ. ನಾಲ್ಕು ಕಾಸು ಹೆಚ್ಚು ಕೊಡಬೇಕಾದರೆ ಈ ಬಳೆಗೆ ಕೊಡು.

ನಮ್ಮ ಚೆನ್ನಕೇಶವ ದೇವಸ್ಥಾನದಲ್ಲಿ ಅರ್ಜುನ ಮತ್ಸ್ಯಯಂತ್ರ ಭೇದಿಸುವ ಶಿಲ್ಪ ನೋಡಿದ್ದೀಯಲ್ಲ. ಅವನು ನೋಡಿದ್ದು ನೀರಿನಲ್ಲಿ ಬಿದ್ದ ಬಿಂಬವನ್ನು, ಬಾಣ ಹೋದದ್ದು ಮೇಲಿದ್ದ ಮೀನಿಗೆ. ಕಣ್ಣಿನ ದಾರಿ ಬೇರೆ, ಬಾಣದ ದಾರಿ ಬೇರೆ. ಸ್ಕೋಪಿನಲ್ಲೂ ಹಾಗೆಯೇ. ಅದು ನಳಿಗೆಗಿಂತ ಸುಮಾರು 4 ಸೆಂ.ಮೀ. ಮೇಲೆ ಕೂತಿರುತ್ತದೆ. 20 ಮೀಟರಿಗೆ ಸರಿ ಮಾಡಿಕೊಂಡ ಬಂದೂಕಿನಿಂದ 5 ಮೀಟರಿನ ಡಬ್ಬಕ್ಕೆ ಹೊಡೆದರೆ ಪೆಲೆಟ್ ಸುಮಾರು 2 ಸೆಂ.ಮೀ. ಕೆಳಗೆ ಬೀಳುತ್ತದೆ. ಇದು ಸ್ಕೋಪಿನ ದೋಷವಲ್ಲ, ಎಷ್ಟು ದುಬಾರಿಯದು ತಂದರೂ ಇರುವಂಥದ್ದೇ. ಇದನ್ನು ತಿಳಿಯದೆ ಒಳ್ಳೆಯ ಸ್ಕೋಪನ್ನು ವಾಪಸ್ ಕಳಿಸಿದವರಿದ್ದಾರೆ.

ತಂದ ಮೇಲೆ ಮಾಡುವ ಪರೀಕ್ಷೆ ಒಂದಿದೆ. ವಾಪಸ್ ಕೊಡುವ ಅವಧಿ ಮುಗಿಯುವುದರೊಳಗೆ ಮಾಡು. ಸ್ಕೋಪಿನ ಮೇಲೆ ಮತ್ತು ಪಕ್ಕದಲ್ಲಿ ಇರುವ ತಿರುಪುಗಳನ್ನು ತಿರುಗಿಸಿದರೆ ಕ್ಲಿಕ್ ಕ್ಲಿಕ್ ಎನ್ನುತ್ತವೆ. ಕಾಲು ಮಿನಿಟಿನ (ಇದು ಕೋನದ ಅಳತೆ, ಗಡಿಯಾರದ್ದಲ್ಲ) ತಿರುಪಾದರೆ ಒಂದು ಕ್ಲಿಕ್‌ಗೆ 10 ಮೀಟರಿನಲ್ಲಿ ಪೆಲೆಟ್ ಬೀಳುವ ಜಾಗ ಸುಮಾರು 0.7 ಮಿ.ಮೀ. ಸರಿಯಬೇಕು, 40 ಕ್ಲಿಕ್‌ಗೆ ಹತ್ತಿರ ಹತ್ತಿರ 3 ಸೆಂ.ಮೀ. ದೊಡ್ಡ ಹಾಳೆಯ ಮಧ್ಯೆ ಒಂದು ಚುಕ್ಕೆ ಇಡು. ಕೊನೆಯವರೆಗೂ ಆ ಚುಕ್ಕೆಗೇ ಗುರಿ. ಮೊದಲು ಮೂರು ಪೆಲೆಟ್ ಹೊಡಿ. ಮೇಲಕ್ಕೆ 40 ಕ್ಲಿಕ್ ತಿರುಗಿಸಿ ಮೂರು, ಬಲಕ್ಕೆ 40 ತಿರುಗಿಸಿ ಮೂರು, ಕೆಳಕ್ಕೆ 40, ಮತ್ತೆ ಎಡಕ್ಕೆ 40. ಹಾಳೆಯ ಮೇಲೆ ಚೌಕ ಮೂಡಬೇಕು, ಕೊನೆಯ ಮೂರು ತೂತು ಮೊದಲಿನ ಮೂರರ ಮೇಲೆಯೇ ಬಂದು ಕೂರಬೇಕು. ಚೌಕ ಸೊಟ್ಟಗಾದರೆ, ಕೊನೆಯ ತೂತುಗಳು ಮೊದಲಿನ ಜಾಗಕ್ಕೆ ವಾಪಸ್ ಬರದಿದ್ದರೆ, ಲೆನ್ಸ್ ಎಷ್ಟೇ ಫಳಫಳ ಹೊಳೆದರೂ ಆ ಸ್ಕೋಪ್ ಬೇಡ. ಅಗ್ಗದವುಗಳಲ್ಲಿ ಹೆಚ್ಚಿನವು ಸೋಲುವುದು ಇಲ್ಲಿಯೇ. ಹಾಗೆಂದು ಒಮ್ಮೆ ಗುರಿ ಸರಿ ಮಾಡಿಕೊಂಡು ತಿರುಪು ಮುಟ್ಟದೆ ಬಳಸುವವನಿಗೆ ಇದೊಂದು ದೋಷ ಅಷ್ಟು ಅಡ್ಡಿಯಾಗದು. ನೀನು ಯಾವ ಥರದವನು ಎಂದು ನಿನಗೇ ಗೊತ್ತು.

ಪರೀಕ್ಷೆಗೆ ಮುಂಚೆ, ಸ್ಕೋಪನ್ನು ಬಂದೂಕಿಗೆ ಬಿಗಿಯುವ ಮೌಂಟ್ ನೋಡಿಕೋ. ನಮ್ಮ ಏರ್‌ಗನ್‌ಗಳ ಬೆನ್ನಿನ ಮೇಲೆ ಮೌಂಟ್ ಕೂರುವ ಗಾಡಿ (ತೋಡು) ಸಾಮಾನ್ಯವಾಗಿ 11 ಮಿ.ಮೀ. ಡಬ್ಬಿಯಲ್ಲಿ ಪುಕ್ಕಟೆ ಬರುವ ತೆಳು ಮೌಂಟ್ ನಾಲ್ಕು ದಿನದಲ್ಲಿ ಹಿಂದಕ್ಕೆ ಜಾರುತ್ತದೆ, ಬೈಗುಳ ಸ್ಕೋಪಿಗೆ ಬೀಳುತ್ತದೆ. ಒಂದೇ ತುಂಡಿನ, ಜಾರದಂತೆ ತಡೆ ಮೊಳೆ ಇರುವ ಮೌಂಟ್ ಬೇರೆಯಾಗಿ ಕೊಂಡುಕೋ. ಕೂರಿಸಿದ ಮೇಲೆ ಮೌಂಟ್ ಮತ್ತು ಗಾಡಿ ಸೇರುವ ಕಡೆ ಬಿಳಿ ಪೆನ್ಸಿಲಿನಿಂದ ಒಂದು ಗೆರೆ ಎಳೆದಿಡು. ಗೆರೆ ಮುರಿದರೆ ಜಾರಿದೆ ಎಂದೇ ಲೆಕ್ಕ.

ಬಯಲುಸೀಮೆಯವರಿಗೆ ಇಲ್ಲದ ಚಿಂತೆ ನಮಗೊಂದಿದೆ, ಮಳೆಗಾಲ. ಜೂನ್ ಹಿಡಿದರೆ ಸೆಪ್ಟೆಂಬರ್ ತನಕ ಅರೇಹಳ್ಳಿ ಕಡೆ ಗೋಡೆಯೇ ಬೆವರುತ್ತದೆ. ಲೆನ್ಸಿನೊಳಗೆ ತೇವ ಸೇರಿದರೆ ಜೇಡನ ಬಲೆಯ ಥರ ಬೂಷ್ಟು ಹಬ್ಬುತ್ತದೆ, ಅದನ್ನು ಬಿಚ್ಚಿ ಒರೆಸಲು ನಿನ್ನಿಂದಾಗದು. ಒಳಗೆ ನೈಟ್ರೋಜನ್ ತುಂಬಿದೆ ಎಂದು ಡಬ್ಬಿಯ ಮೇಲೆ ಬರೆದಿರುತ್ತಾರೆ. ನಿಜವೋ ಸುಳ್ಳೋ ನೋಡಬೇಕೆಂದರೆ ಫ್ರಿಜ್‌ನ ಕೆಳಗಿನ ಖಾನೆಯಲ್ಲಿ ಅರ್ಧ ಗಂಟೆ ಇಟ್ಟು ಹೊರಗೆ ತೆಗೆ. ಹೊರಗಿನ ಮಂಜು ಬಟ್ಟೆಗೆ ಹೋಗುತ್ತದೆ. ಒರೆಸಿದರೂ ಹೋಗದ ಮಂಜು ಒಳಗಿನದು, ಅಂಥದ್ದನ್ನು ಇಟ್ಟುಕೊಳ್ಳಬೇಡ. ಚೆನ್ನಾಗಿರುವುದನ್ನೂ ಮಳೆಗಾಲದಲ್ಲಿ ಫೋಮ್ ಚೀಲದೊಳಗೆ ಮುಚ್ಚಿಡದೆ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬದಲ್ಲಿಡು.

10 ಮೀಟರ್ ಏರ್ ರೈಫಲ್ ಸ್ಪರ್ಧೆಗೆ ಹೋಗುವ ಆಸೆ ನಿನಗಿದ್ದರೆ ಇಷ್ಟೆಲ್ಲ ಬೇಕೇ ಇಲ್ಲ. ಆ ಆಟದಲ್ಲಿ ದುರ್ಬೀನಿಗೆ ಅವಕಾಶವೇ ಇಲ್ಲ, ಸಣ್ಣ ಕಿಂಡಿಯ ಮೂಲಕ ನೋಡಿ ಹೊಡೆಯಬೇಕು. ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿ.ಮೀ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಹಾಗೆ, 2023ರ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ನಮ್ಮ ಬೆಂಗಳೂರಿನ ಹುಡುಗಿ ತಿಲೋತ್ತಮಾ ಸೇನ್ ಬೆಳ್ಳಿ ಗೆದ್ದದ್ದೂ ಹಾಗೆಯೇ. ಸ್ಕೋಪಿನ ದುಡ್ಡನ್ನು ತರಬೇತಿಗೆ ಕಟ್ಟು.

ಇನ್ನೊಂದು ಮಾತು, ಇದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. 2016ರ ಶಸ್ತ್ರಾಸ್ತ್ರ ನಿಯಮದ ಪ್ರಕಾರ ಲೈಸೆನ್ಸ್ ಬೇಡದ್ದು 4.5 ಮಿ.ಮೀ. ಮತ್ತು 20 ಜೂಲ್ ಮೀರದ ಏರ್‌ಗನ್‌ಗೆ ಮಾತ್ರ. ಬಲವಾದ ಸ್ಪ್ರಿಂಗ್ ಹಾಕಿಸುವ ಯೋಚನೆ ಬೇಡ. ಸ್ಕೋಪ್ ಬಂತೆಂದು ಮರದ ಮೇಲಿನ ಹಕ್ಕಿಗೋ ತೋಟಕ್ಕೆ ಬಂದ ಮಂಗಕ್ಕೋ ಗುರಿಯಿಡಬೇಡ. 1972ರ ವನ್ಯಜೀವಿ ಕಾಯ್ದೆ ಇದೆ, ಅದಕ್ಕಿಂತ ಮೊದಲು ನಿನ್ನ ಮನಸ್ಸು ಒಪ್ಪಬಾರದು. ಬಂದೂಕಿನ ಮೇಲೆ ಕೂತ ಸ್ಕೋಪನ್ನು ದುರ್ಬೀನಿನ ಹಾಗೆ ಬಳಸಿ ಯಾರನ್ನೂ ನೋಡಬೇಡ, ನೋಡಿದ ಕಡೆಗೆ ನಳಿಗೆಯೂ ತಿರುಗಿರುತ್ತದೆ. ಗುರಿಯ ಹಿಂದೆ ಮಣ್ಣಿನ ದಿಬ್ಬ ಇರಲಿ, ಕಲ್ಲು ಬೇಡ.

ಹಾಗಾದರೆ ನಿನ್ನ ಎರಡು ಸಾವಿರಕ್ಕೆ ನನ್ನ ಉತ್ತರ ಇದು. ಸ್ಪ್ರಿಂಗ್ ಬಂದೂಕಿಗೆ ಹೆಸರಿಲ್ಲದ 3-9x40 ಬೇಡ, ತೆಳು ಕೊಳವೆಯ 4x20 ಅಂತೂ ಬೇಡವೇ ಬೇಡ. ಎರಡು ಸಲ ಅಂಥವು ಒಡೆದರೆ ಒಂದು ಒಳ್ಳೆಯದರ ದುಡ್ಡು ಹೋದಂತೆಯೇ. ಇನ್ನಷ್ಟು ಸೇರಿಸಿ, ವಾರಂಟಿ ಇರುವ, 10 ಮೀಟರಿಗೆ ಹೊಂದುವ, ನಾಲ್ಕು ಪಟ್ಟಿನ ಗಟ್ಟಿಮುಟ್ಟಾದದ್ದೊಂದು ತೆಗೆದುಕೋ. ಅಲ್ಲಿಯ ತನಕ ಬಂದೂಕಿನ ಜೊತೆ ಬಂದ ಕಬ್ಬಿಣದ ಗುರಿಯೇ ಸಾಕು. ಮೊದಲು ಜರ್ಮನಿಯ ಎಚ್‌ ಆ್ಯಂಡ್ ಎನ್, ಚೆಕ್‌ನ ಜೆಎಸ್‌ಬಿ ಎರಡರದೂ ಒಂದೊಂದು ಡಬ್ಬಿ ಪೆಲೆಟ್ ತರಿಸು. ಬಂದೂಕನ್ನು ಬಿಗಿಯಾಗಿ ಅಪ್ಪದೆ ಅಂಗೈ ಮೇಲೆ ಹಗುರವಾಗಿ ಇಟ್ಟು, 10 ಮೀಟರಿನಿಂದ ಐದೈದು ಹೊಡಿ. ಯಾವ ಪೆಲೆಟ್ ತೂತುಗಳನ್ನು ಒತ್ತಟ್ಟಿಗೆ ಹಾಕುತ್ತದೆ ಎಂದು ಹಾಳೆಯಲ್ಲೇ ಬರೆದಿಟ್ಟುಕೊಂಡು, ಬರುವ ಭಾನುವಾರ ಆ ಹಾಳೆಗಳನ್ನು ತೆಗೆದುಕೊಂಡು ಮನೆಗೆ ಬಾ. ಸ್ಕೋಪ್ ಆರಿಸಲು ಆಮೇಲೆ ಇಬ್ಬರೂ ಒಟ್ಟಿಗೆ ಹೋಗೋಣ.