ಪ್ರಸಾಧನ ಬ್ರಷ್ಷುಗಳ ಹಂಚಿಕೆ: ಸೋಂಕಿನ ಭೀತಿ ಮತ್ತು ವರ್ತಕರ ಹೊಣೆ

ಮದುವೆಯ ಮುಹೂರ್ತಗಳ ಕಾಲದಲ್ಲಿ ಬ್ಯೂಟಿ ಪಾರ್ಲರಿನ ಒಂದೇ ಬ್ರಷ್ ಒಂದೇ ದಿನ ಹಲವರ ಮುಖವನ್ನು ಮುಟ್ಟಬಹುದು. ಅಂಗಡಿಗಳಲ್ಲಿ ಮಾದರಿಗೆಂದು ತೆರೆದಿಟ್ಟ ಲಿಪ್‌ಸ್ಟಿಕ್ಕಿನ ಸ್ಥಿತಿಯೂ ಇದೇ. ಇದರಿಂದ ಸೋಂಕು ತಗಲೀತೇ ಎಂಬ ಗ್ರಾಹಕರ ಆತಂಕವನ್ನು ಅಲ್ಲಗಳೆಯುವುದಾಗಲಿ, ಉತ್ಪ್ರೇಕ್ಷಿಸುವುದಾಗಲಿ ವ್ಯಾಪಾರಕ್ಕೆ ಹಿತವಲ್ಲ. ಅದರ ಕಾರಣವನ್ನು ಅರಿತು ನಿವಾರಿಸುವುದೇ ಸರಿಯಾದ ಮಾರ್ಗ.

ಅಧ್ಯಯನ ಹೇಳುವುದೇನು?

ಬ್ರಿಟನ್ನಿನ ಆಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಬಳಕೆಯಲ್ಲಿದ್ದ 467 ಪ್ರಸಾಧನ ಸಾಮಗ್ರಿಗಳನ್ನು ಪರೀಕ್ಷಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಾಮಗ್ರಿಯ ಬಗೆಗೆ ಅನುಗುಣವಾಗಿ ಶೇಕಡಾ 79ರಿಂದ 90ರಷ್ಟರಲ್ಲಿ ಬ್ಯಾಕ್ಟೀರಿಯಾ ಕಂಡುಬಂದವು. ಮುಖಕ್ಕೆ ಬಣ್ಣ ಹಚ್ಚುವ ಸ್ಪಂಜುಗಳ ಪೈಕಿ ಶೇಕಡಾ 93ರಷ್ಟನ್ನು ಒಮ್ಮೆಯೂ ಶುಚಿಗೊಳಿಸಿರಲಿಲ್ಲ.

ಬ್ಯಾಕ್ಟೀರಿಯಾ ಇದ್ದ ಮಾತ್ರಕ್ಕೆ ರೋಗ ಬರುವುದೆಂದಲ್ಲ. ಆರೋಗ್ಯವಂತ ಚರ್ಮವು ಅವುಗಳನ್ನು ತಡೆಯುತ್ತದೆ. ಅಪಾಯ ಹೆಚ್ಚಿರುವುದು ಕಣ್ಣು, ತುಟಿ, ಒಡೆದ ಮೊಡವೆ ಮತ್ತು ಗಾಯಗಳ ಮೂಲಕ. ಕಣ್ಣುಬೇನೆ, ಚರ್ಮದ ಕೀವು, ತುಟಿಯ ಮೇಲಿನ ಹರ್ಪಿಸ್ ಹುಣ್ಣು ಇವು ಹಂಚಿಕೆಯಿಂದ ಹರಡಬಲ್ಲವು.

ಕಾರಣವೇನು?

ನೀರಿನ ಅಂಶವುಳ್ಳ ಸಾಮಗ್ರಿಗಳಿಗೆ ತಯಾರಕರು ಸಂರಕ್ಷಕ ರಾಸಾಯನಿಕವನ್ನು ಸೇರಿಸುತ್ತಾರೆ. ಆದರೆ ಅದು ರಕ್ಷಿಸುವುದು ಡಬ್ಬಿಯೊಳಗಿನ ವಸ್ತುವನ್ನು, ಬ್ರಷ್ಷನ್ನಲ್ಲ. ಚರ್ಮದ ಜಿಡ್ಡು ಮತ್ತು ತೇವವನ್ನು ಹೀರಿದ ಬ್ರಷ್ ಮತ್ತೆ ಮತ್ತೆ ಡಬ್ಬಿಯೊಳಕ್ಕೆ ಇಳಿದರೆ ಸಂರಕ್ಷಕದ ಶಕ್ತಿಯೂ ಸಾಲದಾಗುತ್ತದೆ. ಒಣ ಪುಡಿಯಲ್ಲಿ ರೋಗಾಣುಗಳು ಸುಲಭವಾಗಿ ವೃದ್ಧಿಯಾಗವು. ಮಸ್ಕರಾ ಮತ್ತು ದ್ರವರೂಪದ ಬಣ್ಣಗಳಲ್ಲಿ ಆ ಸಂಭವ ಹೆಚ್ಚು. ಐಎಸ್‌ಒ 17516 ಮಾನದಂಡವು ಸಾಮಾನ್ಯ ಪ್ರಸಾಧನಗಳಿಗೆ ಪ್ರತಿ ಗ್ರಾಮಿಗೆ 1000 ಸೂಕ್ಷ್ಮಾಣುಗಳ ಮಿತಿಯಿಟ್ಟು, ಕಣ್ಣಿನ ಸುತ್ತ ಬಳಸುವವಕ್ಕೆ ಅದನ್ನು 100ಕ್ಕೆ ಇಳಿಸಿರುವುದು ಗಮನಾರ್ಹ.

ಪಾರ್ಲರ್ ಮತ್ತು ಅಂಗಡಿಗಳು ಕೈಗೊಳ್ಳಬೇಕಾದ ಕ್ರಮಗಳು

1. ಬೇಕಾದಷ್ಟು ಬಣ್ಣವನ್ನು ಶುಚಿಯಾದ ಚಮಚೆಯಿಂದ ತಟ್ಟೆಗೆ ತೆಗೆದುಕೊಂಡು ಅಲ್ಲಿಂದಲೇ ಬಳಸಬೇಕು. ಉಳಿದುದನ್ನು ಡಬ್ಬಿಗೆ ಹಿಂದಿರುಗಿಸಬಾರದು.

2. ಮಸ್ಕರಾ ಮತ್ತು ತುಟಿಯ ಬಣ್ಣಕ್ಕೆ ಒಮ್ಮೆ ಬಳಸಿ ಎಸೆಯುವ ಕಡ್ಡಿಗಳನ್ನೇ ಉಪಯೋಗಿಸಬೇಕು.

3. ಪ್ರತಿ ಗ್ರಾಹಕರ ಬಳಿಕ ಬ್ರಷ್ಷನ್ನು ಸಾಬೂನು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ಒಣಗಲು ಗಂಟೆಗಳೇ ಬೇಕಾಗುವುದರಿಂದ ಹೆಚ್ಚುವರಿ ಬ್ರಷ್ಷುಗಳಿರಬೇಕು. ಶೇಕಡಾ 70ರ ಐಸೊಪ್ರೊಪೈಲ್ ಆಲ್ಕೊಹಾಲ್ ಉಪಯುಕ್ತವಾದರೂ ಜಿಡ್ಡು ತೊಳೆಯದೆ ಸಿಂಪಡಿಸಿದರೆ ಫಲ ಕಡಿಮೆ.

4. ಕಣ್ಣುಬೇನೆ ಅಥವಾ ತುಟಿಯ ಹುಣ್ಣು ಇರುವವರಿಗೆ ಗುಣವಾಗುವವರೆಗೆ ಆ ಭಾಗದ ಪ್ರಸಾಧನವನ್ನು ವಿನಯದಿಂದ ಮುಂದೂಡಬೇಕು.

ತಯಾರಕರಿಗೆ ಅವಕಾಶ

ಭಾರತದಲ್ಲಿ ಪ್ರಸಾಧನಗಳ ತಯಾರಿಕೆ ಮತ್ತು ಮಾರಾಟಕ್ಕೆ 2020ರ ಕಾಸ್ಮೆಟಿಕ್ಸ್ ನಿಯಮಗಳು ಅನ್ವಯಿಸುತ್ತವೆ. ಪೊಟ್ಟಣದ ಮೇಲಿನ ಬಳಕೆಯ ಅವಧಿಯು, ಡಬ್ಬಿ ತೆರೆದ ನಂತರ ಹತ್ತಾರು ಕೈಗಳು ಮುಟ್ಟಿದರೂ ವಸ್ತು ಶುಚಿಯಾಗಿರುತ್ತದೆಂಬ ಭರವಸೆಯಲ್ಲ. ಅಗಲಬಾಯಿಯ ಡಬ್ಬಿಗೆ ಬದಲಾಗಿ ಟ್ಯೂಬ್ ಅಥವಾ ಪಂಪ್ ಬಾಟಲಿ, ಒಬ್ಬರಿಗೆ ಸಾಲುವಷ್ಟು ಸಣ್ಣ ಪೊಟ್ಟಣ, ಬಿಸಾಡಬಲ್ಲ ಕಡ್ಡಿ ಇವುಗಳ ತಯಾರಿಕೆಯನ್ನು ಸಣ್ಣ ಉದ್ದಿಮೆದಾರರು ಪರಿಶೀಲಿಸಬಹುದು.

ಕೆಲವು ಹೆಚ್ಚುವರಿ ಬ್ರಷ್ಷುಗಳ ಖರ್ಚು ಒಮ್ಮೆಯದು. ಒಬ್ಬ ಗ್ರಾಹಕಿಗೆ ಸೋಂಕು ತಗಲಿದರೆ ಕಳೆದುಹೋಗುವ ವಿಶ್ವಾಸವನ್ನು ಮರಳಿ ಗಳಿಸುವುದು ಕಷ್ಟ. ಶುಚಿತ್ವವನ್ನು ಗ್ರಾಹಕರ ಕಣ್ಣೆದುರಿಗೇ ಪಾಲಿಸುವ ವರ್ತಕರಿಗೆ ಅದೇ ಉತ್ತಮ ಜಾಹೀರಾತು.